ಫೋನಿಗೆ ಸಿಗುವ ವೈಫೈ ಕಂಪ್ಯೂಟರಿಗೇಕೆ ಸಿಗದು?

ಮೆಟ್ಟೂರು ಅಣೆಕಟ್ಟಿನ ಸಮೀಪದ ಕೊಳತ್ತೂರಿನಲ್ಲೂ ನಮ್ಮಂತೆ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಬೇರೆ ಭಾಷೆ ಆಡುವ ಕುಟುಂಬಗಳಿವೆ. ಅಲ್ಲಾಗಲಿ ಕಾಸರಗೋಡಿನಲ್ಲಾಗಲಿ, ಕನ್ನಡ ಪತ್ರಿಕೆ, ಪುಸ್ತಕ ಹುಡುಕುವವರಿಗೆ ಇಂದು ಅಂತರ್ಜಾಲವೇ ಹತ್ತಿರದ ದಾರಿ. ಮನೆಯ ಕಂಪ್ಯೂಟರಿಗೆ ವೈಫೈ ಸಿಗದಿದ್ದರೆ ಆ ದಾರಿಯೂ ಮುಚ್ಚಿತು.

ರಿಪೇರಿಯವರನ್ನು ಕರೆಯುವ ಮೊದಲು ಫೋನಿನ ಮೊಬೈಲ್ ಡೇಟಾ ಬಂದ್ ಮಾಡಿ, ಅದೇ ವೈಫೈಯಲ್ಲಿ ನೋಡಿರಿ. ಅದಕ್ಕೂ ಇಲ್ಲವೆಂದರೆ ದೋಷ ರೌಟರಿನಲ್ಲೋ ಹೊರಗಿನ ತಂತಿಯಲ್ಲೋ ಇರಬೇಕು. ಕಂಪ್ಯೂಟರನ್ನು ಬಿಚ್ಚಿಸಿ ಫಲವಿಲ್ಲ. ಫೋನಿಗೆ ಸಿಕ್ಕಿ, ಕಂಪ್ಯೂಟರಿನಲ್ಲಿ ವೈಫೈಯ ಹೆಸರೇ ಕಾಣದಿದ್ದರೆ ಏರೋಪ್ಲೇನ್ ಮೋಡ್ ಹಾಕಿದೆಯೇ ನೋಡಬೇಕು. (ಮಗುವಿನ ಪರೀಕ್ಷಾ ಅರ್ಜಿಯ ಕೊನೆಯ ದಿನ ನಾವು ಅರ್ಧ ಹಗಲು ಕಳೆದದ್ದು ಇದರಲ್ಲೇ!) ಹಳೆಯ ಕಂಪ್ಯೂಟರುಗಳಲ್ಲಿ ಅನೇಕಕ್ಕೆ 2.4 ಗಿಗಾಹರ್ಟ್ಸ್ ಅಲೆ ಮಾತ್ರ ತಿಳಿಯುತ್ತದೆ. ರೌಟರು 5 ಗಿಗಾಹರ್ಟ್ಸಿನಲ್ಲಷ್ಟೇ ಬಿತ್ತರಿಸಿದರೆ ಅವಕ್ಕೆ ಏನೂ ಕಾಣದು. ದಪ್ಪ ಗೋಡೆ ದಾಟುವುದರಲ್ಲಿಯೂ 2.4 ಮೇಲು.

ಸಂಪರ್ಕವಾಗಿಯೂ ಪುಟ ತೆರೆಯದಿದ್ದರೆ ಐಪಿ ವಿಳಾಸ ನೋಡಿರಿ. ಅದು 169.254 ಎಂದು ಆರಂಭವಾದರೆ ರೌಟರು ವಿಳಾಸ ಕೊಟ್ಟಿಲ್ಲ, ಕಂಪ್ಯೂಟರು ತಾನೇ ಹಚ್ಚಿಕೊಂಡದ್ದು. ರೌಟರನ್ನು ಅರ್ಧ ನಿಮಿಷ ಬಂದ್ ಮಾಡಿ ಮತ್ತೆ ಹಾಕಿರಿ. ಕಂಪ್ಯೂಟರಿನ ತಾರೀಕು ತಪ್ಪಿದ್ದರೂ ಅನೇಕ ಪುಟಗಳು ತೆರೆಯವು. ಒಳಗಿನ ಸಣ್ಣ ಬ್ಯಾಟರಿ ಮುಗಿದ ಹಳೆಯ ಯಂತ್ರಗಳಲ್ಲಿ ಇದು ಸಾಮಾನ್ಯ.