ಆಟದ ಕಾರ್ಡು ಮತ್ತು ದುಡಿಮೆಯ ಹಣ

ಸದಾಶಿವ ಪೇಠೆಯ ಬಾಡಿಗೆ ಕೋಣೆಗಳಲ್ಲಿರುವ ನಮ್ಮ ತರುಣ ಬಂಧುಗಳಲ್ಲಿ ಗಣಕಯಂತ್ರದ ಆಟಗಳ ಒಲವು ಬೆಳೆಯುತ್ತಿದೆ. ಇದನ್ನು ನಾವು ಹಳಿಯುವವರಲ್ಲ. ಆದರೆ ಗ್ರಾಫಿಕ್ಸ್ ಕಾರ್ಡು ಕೊಳ್ಳುವ ಮುನ್ನ ಲೆಕ್ಕ ಹಾಕುವುದು ಅವಶ್ಯ.

2025ರ ಜನವರಿಯಲ್ಲಿ ಎನ್‌ವಿಡಿಯಾ ಸಂಸ್ಥೆಯು ಆರ್‌ಟಿಎಕ್ಸ್ 5090ಕ್ಕೆ 2,14,000 ರೂಪಾಯಿಯನ್ನೂ 5080ಕ್ಕೆ 1,07,000 ರೂಪಾಯಿಯನ್ನೂ ಆರಂಭದ ಬೆಲೆಯೆಂದು ಸಾರಿತು. ಬೆಲೆ ಇಮ್ಮಡಿ, ವೇಗವಾದರೋ 4ಕೆ ಪರದೆಯಲ್ಲಿಯೂ ಸುಮಾರು ಒಂದೂವರೆ ಪಟ್ಟು ಮಾತ್ರ. ಸೆಕೆಂಡಿಗೆ 60 ಚಿತ್ರ ತೋರುವ ಪರದೆಯು, ಕಾರ್ಡು 150 ಚಿತ್ರ ಕೊಟ್ಟರೂ 60ಕ್ಕಿಂತ ಹೆಚ್ಚು ತೋರದು. ಒಲೆ ದೊಡ್ಡದಾದ ಮಾತ್ರಕ್ಕೆ ಚಿಕ್ಕ ಕಾವಲಿಯಲ್ಲಿ ಹೆಚ್ಚು ದೋಸೆ ಏಳುವುದುಂಟೆ?

ವಿದ್ಯುತ್ತಿನ ಖರ್ಚು ಬೇರೆ. 5080ಕ್ಕೆ 360 ವಾಟ್ ಸಾಕು. 5090ಕ್ಕೆ 575 ವಾಟ್ ಬೇಕು. ಪೂರ್ಣ ಭಾರದಲ್ಲಿ ದಿನಕ್ಕೆ 4 ಗಂಟೆ ಆಡಿದರೆ ತಿಂಗಳಿಗೆ 69 ಯುನಿಟ್ ಈ ಕಾರ್ಡೊಂದಕ್ಕೇ ಸಲ್ಲುತ್ತದೆ. ಅದಕ್ಕೆ 1000 ವಾಟಿನ ವಿದ್ಯುತ್ ಪೆಟ್ಟಿಗೆಯೂ ಬೇಕು.

ಆದುದರಿಂದ ಮೊದಲು ಪರದೆಯನ್ನು ನೋಡಿ, ಅನಂತರ ಕಾರ್ಡನ್ನು ಆರಿಸುವುದು ಲೇಸು. ನಾಲ್ಕು ಅಂಗಡಿಗಳಲ್ಲಿ ದರ ವಿಚಾರಿಸಿ, ರಸೀದಿಯನ್ನೂ ವಾರಂಟಿಯನ್ನೂ ಕೇಳಿ ಪಡೆಯತಕ್ಕದ್ದು. ಕಂತಿನ ಸಾಲ ಮಾಡಿ, ಊರಿನ ತಾಯ್ತಂದೆಗಳಿಗೆ ಕಳುಹಿಸುವ ಹಣವನ್ನು ತಡೆದು ಕೊಳ್ಳುವ ಕಾರ್ಡು ಎಷ್ಟೇ ವೇಗದ್ದಾದರೂ ದುಬಾರಿಯೇ ಎಂಬುದು ನಮ್ಮ ಅಭಿಮತ.