ಹಳೆಯ ಅಗ್ನಿಶಾಮಕ ಯಂತ್ರಗಳ ಮುದ್ರಿತ ಚಿತ್ರಗಳು: ಸಂಗ್ರಾಹಕರಿಗೆ ಮಾಹಿತಿ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯ ಪ್ರದೇಶಗಳಿಂದ ಉದ್ಯೋಗ ನಿಮಿತ್ತ ವಿದೇಶಕ್ಕೆ ತೆರಳುವ ನಾಗರಿಕರು ಮನೆ ಸಾಮಾನುಗಳೊಡನೆ ಹಳೆಯ ಚಿತ್ರಗಳನ್ನೂ ಕೊಂಡೊಯ್ಯಬಯಸುವುದುಂಟು. ಅವುಗಳಲ್ಲಿ ಆರಂಭಕಾಲದ ಅಗ್ನಿಶಾಮಕ ಯಂತ್ರಗಳ ಮುದ್ರಿತ ಚಿತ್ರಗಳಿದ್ದಲ್ಲಿ, ಪ್ರಯಾಣಕ್ಕೆ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ಚಿತ್ರಗಳ ಹಿನ್ನೆಲೆ

ಆಮ್‌ಸ್ಟರ್‌ಡ್ಯಾಮಿನ ಚಿತ್ರಕಾರ ಯಾನ್ ವಾನ್ ಡರ್ ಹೇಡನ್, ಚರ್ಮದ ಕೊಳವೆಯುಳ್ಳ ಅಗ್ನಿಶಾಮಕ ಯಂತ್ರಗಳ ಕುರಿತು 1690ರಲ್ಲಿ ಸಚಿತ್ರ ಗ್ರಂಥವನ್ನು ಪ್ರಕಟಿಸಿದನು. ಲಂಡನ್ನಿನ ರಿಚರ್ಡ್ ನ್ಯೂಷಮ್ 1721ರಲ್ಲಿ ಕೈಪಂಪಿನ ಯಂತ್ರಕ್ಕೆ ಪೇಟೆಂಟ್ ಪಡೆದನು. 1842ರಲ್ಲಿ ಆರಂಭವಾದ ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನಂತಹ ವಾರಪತ್ರಿಕೆಗಳು ಮರದ ಅಚ್ಚಿನ ಚಿತ್ರಗಳನ್ನು ಮುದ್ರಿಸುತ್ತಿದ್ದವು. ಇಂತಹ ಗ್ರಂಥ ಹಾಗೂ ಪತ್ರಿಕೆಗಳಿಂದ ಬೇರ್ಪಡಿಸಿದ ಹಾಳೆಗಳು ಸಂಗ್ರಾಹಕರ ಕೈ ಸೇರುತ್ತವೆ.

ಕಾಲ ನಿರ್ಣಯ

ಚಿತ್ರದ ಮೇಲಿನ ಇಸವಿಯು ಅಚ್ಚು ಸಿದ್ಧವಾದ ಕಾಲವನ್ನು ತಿಳಿಸಬಹುದೇ ಹೊರತು, ಆ ಹಾಳೆ ಮುದ್ರಣವಾದ ಕಾಲವನ್ನಲ್ಲ. ತಾಮ್ರಫಲಕದಿಂದ ಮುದ್ರಿಸಿದ ಹಾಳೆಯ ಅಂಚನ್ನು ಕತ್ತರಿಸಿರದಿದ್ದಲ್ಲಿ, ಚಿತ್ರದ ಸುತ್ತ ಫಲಕದ ಒತ್ತು ಗುರುತು ಸಾಮಾನ್ಯವಾಗಿ ಕಾಣುತ್ತದೆ. ಭೂತಗನ್ನಡಿಯಲ್ಲಿ ಕ್ರಮಬದ್ಧವಾದ ಸಣ್ಣ ಚುಕ್ಕೆಗಳು ಕಂಡುಬಂದಲ್ಲಿ, ಅದು ಛಾಯಾಚಿತ್ರ ವಿಧಾನದಿಂದ ತೆಗೆದ ಪ್ರತಿಯೆಂದು ಭಾವಿಸಬಹುದು.

ಕಾನೂನಿನ ನಿಬಂಧನೆ

ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972ರ ಪ್ರಕಾರ 100 ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ ಅಥವಾ ಐತಿಹಾಸಿಕ ಮಹತ್ವದ ವಸ್ತುವು ಪುರಾತನ ವಸ್ತುವಾಗಿರುತ್ತದೆ. ಐತಿಹಾಸಿಕ, ವೈಜ್ಞಾನಿಕ, ಸಾಹಿತ್ಯಿಕ ಅಥವಾ ಸೌಂದರ್ಯಾತ್ಮಕ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆಗಳಿಗೆ ಈ ಅವಧಿಯು 75 ವರ್ಷ. ಈ ಪರಿಭಾಷೆಯಲ್ಲಿ ವಸ್ತು ತಯಾರಾದ ದೇಶದ ಭೇದವಿಲ್ಲ. ಆದುದರಿಂದ ಲಂಡನ್ನಿನಲ್ಲಿ ಮುದ್ರಿತವಾದದ್ದೆಂಬ ಕಾರಣದಿಂದಲೇ ವಿನಾಯಿತಿ ದೊರೆಯುವುದಿಲ್ಲ. ಪುರಾತನ ವಸ್ತುಗಳನ್ನು ಖಾಸಗಿ ವ್ಯಕ್ತಿಗಳು ಹೊರದೇಶಕ್ಕೆ ಸಾಗಿಸುವುದು ನಿಷಿದ್ಧ. ಉಲ್ಲಂಘಿಸಿದವರಿಗೆ 6 ತಿಂಗಳಿಗೆ ಕಡಿಮೆಯಿಲ್ಲದಂತೆ 3 ವರ್ಷಗಳವರೆಗೆ ಕಾರಾವಾಸ ಹಾಗೂ ದಂಡ ವಿಧಿಸಬಹುದಾಗಿದೆ.

ಪ್ರಮಾಣ ಪತ್ರ

ವಸ್ತುವು ಪುರಾತನವೇ ಎಂಬ ಪ್ರಶ್ನೆ ಉದ್ಭವಿಸಿದಲ್ಲಿ ಅದನ್ನು ತೀರ್ಮಾನಿಸುವ ಅಧಿಕಾರವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಿಗೆ ಅಥವಾ ಅವರಿಂದ ಅಧಿಕೃತರಾದ ಅಧಿಕಾರಿಗೆ ಇರುತ್ತದೆ. ಮಾರಾಟಗಾರರ ಹೇಳಿಕೆ ಸಾಲದು. ಸಂದೇಹವಿದ್ದಲ್ಲಿ, ಸದರಿ ಇಲಾಖೆಯ ಬೆಂಗಳೂರು ವಲಯ ಕಚೇರಿಯಲ್ಲಿ ವಿಚಾರಿಸಿ, ಪುರಾತನ ವಸ್ತುವಲ್ಲವೆಂಬ ಪ್ರಮಾಣ ಪತ್ರಕ್ಕಾಗಿ ಅರ್ಜಿ ಸಲ್ಲಿಸತಕ್ಕದ್ದು. ಚಿತ್ರದ ಎರಡೂ ಬದಿಯ ಛಾಯಾಚಿತ್ರ, ಅಳತೆ ಮತ್ತು ಖರೀದಿ ರಸೀದಿಗಳನ್ನು ಸಿದ್ಧವಾಗಿಟ್ಟುಕೊಂಡಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ. ಮೂಲ ಚಿತ್ರವನ್ನು ಕತ್ತರಿಸುವುದಾಗಲಿ ಹಿಂಬದಿಗೆ ಅಂಟು ಹಚ್ಚುವುದಾಗಲಿ ಮಾಡಬಾರದು. ಕಾಲವನ್ನು ಸೂಚಿಸುವ ಗುರುತುಗಳು ಇದರಿಂದ ಅಳಿಸಿಹೋಗುತ್ತವೆ.

ಅಂಚೆ ಅಥವಾ ಕೊರಿಯರ್ ಮೂಲಕ ಕಳುಹಿಸುವುದೂ ಸಾಗಣೆಯೇ ಆಗಿರುವುದರಿಂದ, ಸಾಮಾನು ಕಟ್ಟುವ ಮುನ್ನವೇ ಅರ್ಜಿ ಸಲ್ಲಿಸುವಂತೆ ಸಾರ್ವಜನಿಕರನ್ನು ಕೋರಲಾಗಿದೆ.