ಸರ್ವರ್ ಕಾರ್ಯಾಚರಣ ವ್ಯವಸ್ಥೆಯ ಶ್ರುತಿಗೊಳಿಸುವಿಕೆ

ಸರ್ವರ್ ಗಣಕಯಂತ್ರವು ತನಗೆ ಬರುವ ಕೋರಿಕೆಗಳನ್ನು ಶೀಘ್ರವಾಗಿ ಪೂರೈಸುವಂತೆ ಅದರ ಕಾರ್ಯಾಚರಣ ವ್ಯವಸ್ಥೆಯ ಮೌಲ್ಯಗಳನ್ನು ಅಳೆದು ಬದಲಿಸುವ ಕ್ರಿಯೆಗೆ ಶ್ರುತಿಗೊಳಿಸುವಿಕೆ ಅಥವಾ ಟ್ಯೂನಿಂಗ್ ಎನ್ನುತ್ತಾರೆ. ಹೊಸ ಯಂತ್ರಾಂಶವನ್ನು ಕೊಳ್ಳದೆ, ಇರುವ ಸಂಸ್ಕಾರಕ, ಮೆಮೊರಿ, ಡಿಸ್ಕ್ ಮತ್ತು ಜಾಲಗಳಿಂದ ಹೆಚ್ಚಿನ ಕೆಲಸವನ್ನು ಪಡೆಯುವುದು ಇದರ ಉದ್ದೇಶ.

ಹಿನ್ನೆಲೆ

ಕರ್ನಾಟಕದ ಭೂದಾಖಲೆಗಳ ಗಣಕೀಕರಣವಾದ 'ಭೂಮಿ' ಯೋಜನೆಯು ಈ ವಿಷಯದ ಮಹತ್ವವನ್ನು ತಿಳಿಯಲು ಉತ್ತಮ ಉದಾಹರಣೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದೊಡನೆ ಆರಂಭವಾದ ಈ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಲಾಯಿತು. ಮೊದಲಿಗೆ ಆಯಾ ತಾಲ್ಲೂಕಿನ ದತ್ತಾಂಶವು ತಾಲ್ಲೂಕು ಕಚೇರಿಯ ಸರ್ವರಿನಲ್ಲಿಯೇ ಇರುತ್ತಿತ್ತು. ಧಾರವಾಡ ಜಿಲ್ಲೆಯ ನವಲಗುಂದದ ಸರ್ವರು ನವಲಗುಂದದ ಸರತಿಯನ್ನೂ, ಕುಂದಗೋಳದ ಸರ್ವರು ಕುಂದಗೋಳದ ಸರತಿಯನ್ನೂ ಮಾತ್ರ ನಿರ್ವಹಿಸುತ್ತಿತ್ತು. ಮುಂದೆ ದತ್ತಾಂಶವು ಕೇಂದ್ರೀಕೃತವಾದಾಗ ಎಲ್ಲ ತಾಲ್ಲೂಕುಗಳ ಕೋರಿಕೆಗಳು ಒಂದೇ ಕಡೆಗೆ ಹರಿಯತೊಡಗಿದವು. ಮುಂಗಾರಿನಲ್ಲಿ ಹೆಸರು, ಹತ್ತಿ ಮೊದಲಾದ ಬೆಳೆಗಳ ವಿಮೆ ನೋಂದಣಿಯ ಕೊನೆಯ ದಿನ ಸಮೀಪಿಸಿದಾಗ ಇಂಥ ಕೇಂದ್ರೀಕೃತ ವ್ಯವಸ್ಥೆಗಳ ಮೇಲೆ ಒತ್ತಡವು ಏಕಕಾಲಕ್ಕೆ ಬೀಳುವುದು ಸಹಜ. 'ಸರ್ವರ್ ಇಲ್ಲ' ಎಂಬ ಉತ್ತರ ಕೇಳಿ ಹಿಂದಿರುಗುವ ರೈತನಿಗೆ ಒಂದು ದಿನದ ಕೂಲಿಯೂ, ಗಡುವು ಮೀರಿದರೆ ಆ ಹಂಗಾಮಿನ ವಿಮೆಯೂ ತಪ್ಪುತ್ತದೆ.

ಮಾಪನ

ಬದಲಾವಣೆಗೆ ಮೊದಲು ಅಡಚಣೆ ಎಲ್ಲಿದೆ ಎಂಬುದನ್ನು ಅಳೆಯಬೇಕು. ಲಿನಕ್ಸ್‌ನಲ್ಲಿ ವಿಎಂಸ್ಟ್ಯಾಟ್, ಐಒಸ್ಟ್ಯಾಟ್, ಸಾರ್ ಮೊದಲಾದ ಸಾಧನಗಳು ಈ ಕೆಲಸಕ್ಕೆ ಬಳಕೆಯಾಗುತ್ತವೆ. ಸರತಿ ಸಿದ್ಧಾಂತದ ಲಿಟಲ್ ನಿಯಮದ ಪ್ರಕಾರ, ವ್ಯವಸ್ಥೆಯೊಳಗಿರುವ ಕೋರಿಕೆಗಳ ಸಂಖ್ಯೆಯು ಅವು ಬರುವ ವೇಗ ಮತ್ತು ಪ್ರತಿಯೊಂದಕ್ಕೆ ತಗಲುವ ಸಮಯಗಳ ಗುಣಲಬ್ಧ. ಸೆಕೆಂಡಿಗೆ 200 ಕೋರಿಕೆಗಳು ಬಂದು, ಪ್ರತಿಯೊಂದಕ್ಕೆ 0.5 ಸೆಕೆಂಡ್ ಹಿಡಿದರೆ ಒಳಗಿರುವವು 100. ಮೆಮೊರಿಯ ಕೊರತೆಯಿಂದ ಅದೇ ಕೆಲಸಕ್ಕೆ 6 ಸೆಕೆಂಡ್ ಹಿಡಿದರೆ ಒಳಗಿರುವವು 1,200 ಆಗುತ್ತವೆ.

ಪ್ರಮುಖ ಅಂಶಗಳು

ತೆರೆದ ಕಡತಗಳ ಮಿತಿ: ಲಿನಕ್ಸ್‌ನಲ್ಲಿ ಪ್ರತಿಯೊಂದು ಜಾಲಸಂಪರ್ಕವೂ ಒಂದು ತೆರೆದ ಕಡತವೆಂದೇ ಪರಿಗಣಿತವಾಗುತ್ತದೆ. ಒಂದು ಪ್ರಕ್ರಿಯೆಗೆ ಸಾಮಾನ್ಯವಾಗಿ ನಿಗದಿಯಾಗಿರುವ ಮೃದು ಮಿತಿ 1,024. ಮೇಲಿನ ಉದಾಹರಣೆಯಲ್ಲಿ ಎಲ್ಲ ಸಂಪರ್ಕಗಳನ್ನೂ ಒಂದೇ ಪ್ರಕ್ರಿಯೆ ನಿರ್ವಹಿಸುತ್ತಿದ್ದರೆ 1,200 ಕೋರಿಕೆಗಳು ಈ ಮಿತಿಯನ್ನು ಮೀರಿ ಹೊಸಬರಿಗೆ ಸಂಪರ್ಕ ದೊರೆಯದು. ಆದರೆ ಮೂಲ ಕಾರಣ ಮೆಮೊರಿಯ ಕೊರತೆಯಾಗಿರುವುದರಿಂದ, ಮಿತಿಯನ್ನಷ್ಟೇ ಏರಿಸಿದರೆ ಕೊರತೆ ಇನ್ನೂ ಹೆಚ್ಚುತ್ತದೆ.

ಮೆಮೊರಿ: ಮೆಮೊರಿ ಸಾಲದಾದಾಗ ಕರ್ನಲ್ ಕೆಲವು ಪುಟಗಳನ್ನು ಡಿಸ್ಕಿನ ಸ್ವಾಪ್ ಪ್ರದೇಶಕ್ಕೆ ಸಾಗಿಸುತ್ತದೆ. ಈ ಪ್ರವೃತ್ತಿಯನ್ನು ನಿಯಂತ್ರಿಸುವ ಸ್ವಾಪಿನೆಸ್ ಎಂಬ ಮೌಲ್ಯ ಸಾಮಾನ್ಯವಾಗಿ 60 ಇರುತ್ತದೆ. ದತ್ತಸಂಚಯದ ಸರ್ವರುಗಳಲ್ಲಿ ಇದನ್ನು ತಗ್ಗಿಸುವುದು ರೂಢಿ.

ಸಂಪರ್ಕಗಳ ಸರತಿ: ಅನ್ವಯ ತಂತ್ರಾಂಶವು ಸ್ವೀಕರಿಸುವವರೆಗೆ ಹೊಸ ಸಂಪರ್ಕಗಳು ಕಾಯುವ ಸರತಿಯ ಗರಿಷ್ಠ ಉದ್ದ ಲಿನಕ್ಸ್‌ನಲ್ಲಿ ಬಹುಕಾಲ 128 ಇತ್ತು. 2019ರ 5.4 ಆವೃತ್ತಿಯಲ್ಲಿ ಅದನ್ನು 4,096ಕ್ಕೆ ಏರಿಸಲಾಯಿತು. ಸರತಿ ಉದ್ದವಾದ ಮಾತ್ರಕ್ಕೆ ಕೆಲಸ ಬೇಗ ಆಗುವುದಿಲ್ಲ. ಅಲ್ಪಕಾಲದ ನೂಕುನುಗ್ಗಲನ್ನು ತಾಳಿಕೊಳ್ಳಲು ಅದು ನೆರವಾಗುತ್ತದೆ.

ಡಿಸ್ಕ್: ಕಡತವನ್ನು ಓದಿದಾಗಲೆಲ್ಲ ಅದರ ಸಮಯವನ್ನು ದಾಖಲಿಸುವುದನ್ನು ನೋಎಟೈಮ್ ಆಯ್ಕೆಯಿಂದ ನಿಲ್ಲಿಸಿದರೆ ಅನಗತ್ಯ ಬರವಣಿಗೆ ಕಡಿಮೆಯಾಗುತ್ತದೆ.

ಅನುಸರಿಸುವ ಕ್ರಮ

ಒಂದು ಬಾರಿಗೆ ಒಂದೇ ಮೌಲ್ಯವನ್ನು ಬದಲಿಸಿ, ಮೊದಲಿನ ಮತ್ತು ನಂತರದ ಅಳತೆಗಳನ್ನು ಹೋಲಿಸಬೇಕು. ಹಲವನ್ನು ಒಟ್ಟಿಗೆ ಬದಲಿಸಿದರೆ ಫಲ ಯಾವುದರಿಂದ ಬಂತೆಂದು ತಿಳಿಯದು. ಸಿಸ್‌ಸಿಟಿಎಲ್ ಆಜ್ಞೆಯಿಂದ ಮಾಡಿದ ಬದಲಾವಣೆ ಯಂತ್ರವನ್ನು ಮರುಚಾಲನೆ ಮಾಡಿದಾಗ ಅಳಿಸಿಹೋಗುತ್ತದೆ. ಅದು ಉಳಿಯಬೇಕಾದರೆ ಸಂರಚನಾ ಕಡತದಲ್ಲಿ ಬರೆಯಬೇಕು. ಪ್ರಯೋಗವನ್ನು ಗಡುವಿನ ದಿನಗಳಲ್ಲಿ ಮಾಡದೆ, ಮೊದಲೇ ಪ್ರತ್ಯೇಕ ಯಂತ್ರದಲ್ಲಿ ಕೃತಕ ಒತ್ತಡ ಹೇರಿ ಪರೀಕ್ಷಿಸುವುದು ಲೇಸು.

ಮಿತಿಗಳು

ಎಲ್ಲ ವಿಳಂಬವೂ ಸರ್ವರಿನದಲ್ಲ. ಕಲಘಟಗಿ ಅಥವಾ ಅಣ್ಣಿಗೇರಿಯ ಹಳ್ಳಿಯೊಂದರಿಂದ ಸಂದೇಶ ಸರ್ವರಿಗೆ ಹೋಗಿ ಬರಲು 300 ಮಿಲಿಸೆಕೆಂಡ್ ಬೇಕಾಯಿತೆಂದು ಭಾವಿಸೋಣ. ಟಿಸಿಪಿ ಸಂಪರ್ಕಕ್ಕೆ ಒಂದು, ಟಿಎಲ್ಎಸ್ 1.2 ಗೂಢಲಿಪಿ ಒಪ್ಪಂದಕ್ಕೆ ಎರಡು, ಕೋರಿಕೆಗೆ ಒಂದು, ಹೀಗೆ ನಾಲ್ಕು ಸುತ್ತುಗಳಿಗೆ 1.2 ಸೆಕೆಂಡ್ ವ್ಯಯವಾಗುತ್ತದೆ. ಟಿಎಲ್ಎಸ್ 1.3 ಒಂದು ಸುತ್ತನ್ನು ಉಳಿಸುತ್ತದೆ. ಸಂಪರ್ಕವನ್ನು ಮುಚ್ಚದೆ ಮರುಬಳಸಿದರೆ ಮುಂದಿನ ಕೋರಿಕೆಗಳಿಗೆ ಇನ್ನಷ್ಟು ಉಳಿತಾಯವಾಗುತ್ತದೆ. ಸೂಚಿಯಿಲ್ಲದ ದತ್ತಸಂಚಯದಲ್ಲಿ ಒಂದು ಪಹಣಿಗಾಗಿ ಲಕ್ಷಾಂತರ ಸಾಲುಗಳನ್ನು ಹುಡುಕಬೇಕಾಗಿ ಬಂದರೆ, ಅಲ್ಲಿಯೂ ಕರ್ನಲ್‌ನ ಶ್ರುತಿಗಿಂತ ದತ್ತಸಂಚಯದ ತಿದ್ದುಪಡಿಯೇ ಹೆಚ್ಚು ಫಲ ನೀಡುತ್ತದೆ.